ಕಲಬುರಗಿಯ ಕುದುರೆ, ಕಡಲಿನ ದಾರಿ

ಕಲಬುರಗಿಗೂ ಕಡಲಿಗೂ ಏನು ನಂಟು? 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ರಾಜಧಾನಿಯಾಗಿದ್ದ ಈ ಊರಿಗೆ ಯುದ್ಧದ ಕುದುರೆಗಳು ಅರಬ್ ನಾಡಿನಿಂದ ಹಾಯಿಹಡಗು ಏರಿ ಬರುತ್ತಿದ್ದವು. ಕೊಂಕಣದ ದಾಭೋಳ, ಚೌಲ್ ಆ ರಾಜ್ಯದ ಬಂದರುಗಳು. ದಾರಿ ತಪ್ಪಿದರೆ ಸರಕಿಗೂ ಪ್ರಾಣಕ್ಕೂ ಕುತ್ತು.

ದಿಕ್ಸೂಚಿ ದಿಕ್ಕು ತೋರಿಸೀತು. ಹಡಗು ಎಷ್ಟು ಉತ್ತರದಲ್ಲಿದೆ ಎಂದು ಹೇಳದು. ನಕ್ಷತ್ರದ ಎತ್ತರ ಅಳೆಯುವ ಆಸ್ಟ್ರೋಲೇಬ್ ತೂಗಾಡುವ ಹಡಗಿನಲ್ಲಿ ಸ್ಥಿರವಾಗಿ ನಿಲ್ಲದು. ಅರಬ್ ನಾವಿಕರು ನೆಚ್ಚಿದ್ದು ‘ಕಮಾಲ್’ ಎಂಬ, ಗಂಟುದಾರ ಕಟ್ಟಿದ ಮರದ ಹಲಗೆಯನ್ನು. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಗಿನ ಅಂಚನ್ನು ದಿಗಂತಕ್ಕೂ ಮೇಲಿನದನ್ನು ಧ್ರುವನಕ್ಷತ್ರಕ್ಕೂ ಹೊಂದಿಸಿದರೆ, ಗಂಟೇ ಬಂದರಿನ ಗುರುತು. ಆ ಎತ್ತರ ಕೆಡದಂತೆ ಪೂರ್ವಕ್ಕೆ ಸಾಗಬೇಕು.

ಕಲಬುರಗಿ ಸಮೀಪದ ಕಮಲಾಪುರವೂ ದಾಭೋಳವೂ ಸುಮಾರು 17.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ನಾವಿಕರು ದಾಭೋಳಕ್ಕೆಂದು ಅಳೆಯುತ್ತಿದ್ದ ನಕ್ಷತ್ರ ಕಮಲಾಪುರದವರಿಗೂ ಅಷ್ಟೇ ಎತ್ತರದಲ್ಲಿ ಕಾಣುತ್ತಿತ್ತು.