ಆರು ಟ್ರೊಂಬೋನಿನ ಕೃತಿಗೆ ಎಂಟು ಟ್ರೊಂಬೋನ್

ಇವತ್ತು ಸ್ವಲ್ಪ ದೂರ ಹೋಗೋಣ, 1597ರ ವೆನಿಸ್‌ಗೆ. ಆ ವರ್ಷ ಅಲ್ಲಿನ ಸೇಂಟ್ ಮಾರ್ಕ್ ಚರ್ಚಿನ ಆರ್ಗನ್ ವಾದಕ ಜೊವಾನ್ನಿ ಗೇಬ್ರಿಯೆಲಿ ತನ್ನ ಕೃತಿಗಳ ಒಂದು ಸಂಗ್ರಹ ಅಚ್ಚು ಹಾಕಿಸಿದ. ಅದರಲ್ಲೊಂದರ ಹೆಸರು ‘ಸೊನಾಟಾ ಪಿಯಾನ್ ಎ ಫೋರ್ಟೆ’. ಅಂದ್ರೆ ಮೆಲ್ಲಗೆ ಮತ್ತು ಜೋರಾಗಿ. ಹೆಸರೇ ಸೂಚನೆ!

ಯಾವ ಸಾಲನ್ನು ಯಾವ ವಾದ್ಯ ನುಡಿಸಬೇಕು ಅಂತ ಅಚ್ಚಿನಲ್ಲಿ ಹೇಳೋ ರೂಢಿ ಆಗ ಕಮ್ಮಿ. ಗೇಬ್ರಿಯೆಲಿ ಇಲ್ಲಿ ಹೇಳೇಬಿಟ್ಟ. ಎಂಟು ವಾದ್ಯ, ನಾಲ್ಕು ನಾಲ್ಕರ ಎರಡು ತಂಡ. ಮೊದಲನೇದರಲ್ಲಿ ಒಂದು ಕಾರ್ನೆಟ್ಟೊ, ಮೂರು ಟ್ರೊಂಬೋನ್. ಎರಡನೇದರಲ್ಲಿ ಒಂದು ‘ವಯೊಲಿನೊ’, ಮೂರು ಟ್ರೊಂಬೋನ್. ಆ ವಯೊಲಿನೊ ಸಾಲು ಇವತ್ತಿನ ಪಿಟೀಲಿಗೆ ಎಟುಕದಷ್ಟು ಕೆಳಗಿಳಿಯುತ್ತೆ, ನಮ್ಮ ಲೆಕ್ಕಕ್ಕೆ ಅದು ವಯೋಲಾ.

ಈಗ ಬರೀ ಟ್ರೊಂಬೋನ್‌ಗಳ ತಂಡಕ್ಕೆ ಇದನ್ನು ಹೊಂದಿಸಬೇಕು ಅಂದ್ಕೊಳ್ಳಿ. ಆರು ಸಾಲು ರೆಡಿ ಇವೆ. ತೊಡಕಿರೋದು ಉಳಿದ ಎರಡರಲ್ಲಿ. ಕಾರ್ನೆಟ್ಟೊ ಅಂದ್ರೆ ಚರ್ಮ ಹೊದಿಸಿದ ಮರದ ಕೊಳವೆ. ಕೊಳಲಿನ ಹಾಗೆ ಬೆರಳಿಡೋ ತೂತು, ಊದೋದು ಮಾತ್ರ ಟ್ರಂಪೆಟ್ ಥರ. ಮನುಷ್ಯರ ದನಿಗೆ ತೀರಾ ಹತ್ತಿರ ಅಂತ ಆಗಿನವರು ಮೆಚ್ಚಿದ್ದ ವಾದ್ಯ. ಅದರ ಸಾಲನ್ನು ಆಲ್ಟೊ ಟ್ರೊಂಬೋನಿಗೆ ಕೊಡಬಹುದು. ಅಷ್ಟು ಮೇಲೆ ಊದೋದು ಕಷ್ಟ ಅಂತ ಇಡೀ ಕೃತಿಯನ್ನೇ ಕೆಳಗಿನ ಶ್ರುತಿಗೆ ಇಳಿಸಲೂಬಹುದು. ನನಗಂತೂ ಅದು ಇಷ್ಟವಿಲ್ಲ. ಇಳಿಸಿದಷ್ಟೂ ತಳದ ಸಾಲುಗಳು ಕಲಸುಮೇಲೋಗರ ಆಗುತ್ತವೆ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಈ ಕೃತಿಯಲ್ಲಿ ‘ಪಿಯಾನ್’ ಅಂತ ಇರೋ ಕಡೆ ಸಾಮಾನ್ಯವಾಗಿ ಒಂದೇ ತಂಡ ನುಡಿಸುತ್ತೆ. ‘ಫೋರ್ಟೆ’ ಬಂದಾಗ ಎರಡೂ ಸೇರುತ್ತವೆ. ಅಂದ್ರೆ ಇಲ್ಲಿ ಜೋರು ಅನ್ನೋದು ಜಾಸ್ತಿ ಉಸಿರಿನಿಂದ ಅಲ್ಲ, ಜಾಸ್ತಿ ಜನರಿಂದ ಬರೋದು. ಇವತ್ತಿನ ಟ್ರೊಂಬೋನಿನ ಬಾಯಿ ಆಗಿನದಕ್ಕಿಂತ ಅಗಲ, ಸದ್ದೂ ದಪ್ಪ. ಎಂಟೂ ಜನರನ್ನ ಒಟ್ಟಿಗೆ ಕೂರಿಸಿ, ಸಾಲದ್ದಕ್ಕೆ ನಡುನಡುವೆ ಸದ್ದು ಏರಿಸ್ತಾ ಹೋಗೋ ಗುರುತು ಹಾಕಿದ್ರೆ, ಎರಡು ತಂಡಗಳ ಸವಾಲು-ಜವಾಬು ಹೋಗಿ ಒಂದೇ ದೊಡ್ಡ ಗದ್ದಲ ಉಳಿಯುತ್ತೆ.

ಅದಕ್ಕೇ ತಂಡಗಳನ್ನ ದೂರ ದೂರ ಕೂರಿಸೋದೇ ಸರಿ ಅನ್ನೋನು ನಾನು. ಒಂದು ಕಡೆ ಕಾರ್ನೆಟ್ಟೊ, ಇನ್ನೊಂದು ಕಡೆ ತಂತಿ ಅನ್ನೋ ಬಣ್ಣದ ವ್ಯತ್ಯಾಸವನ್ನ ನಾವೇ ಅಳಿಸಿದ ಮೇಲೆ, ಕೈಲಿ ಉಳಿಯೋದು ಜಾಗದ ವ್ಯತ್ಯಾಸ ತಾನೇ? ಎರಡನೇ ತಂಡದ ಮೇಲಿನ ಸಾಲನ್ನು ಆಲ್ಟೊ ಬದಲು ಟೆನರ್ ಟ್ರೊಂಬೋನಿಗೆ ಕೊಟ್ಟರೆ ಬಣ್ಣವೂ ಚೂರು ಉಳಿಯುತ್ತೆ.

ಹುಡುಕಿ ಕೇಳಿ. ಫೋನ್ ಸ್ಪೀಕರಲ್ಲಿ ಬೇಡ, ಎರಡೂ ಕಿವಿಗೆ ಇಯರ್‌ಫೋನ್ ಹಾಕ್ಕೊಳ್ಳಿ. ಎಡಗಡೆ ಯಾರು, ಬಲಗಡೆ ಯಾರು ಅಂತ ಗೊತ್ತಾಗದಿದ್ರೆ ಬೇರೆ ರೆಕಾರ್ಡಿಂಗ್ ಹಾಕಿ.