ಹಳೆಯ ಕಿಟಕಿಯ ಹಸಿರು ಬಣ್ಣ

ಚಾಮರಾಜನಗರ, ಗುಂಡ್ಲುಪೇಟೆಗಳ ಹಳೆಯ ಬೀದಿಗಳಲ್ಲಿ ನಾಡಹೆಂಚಿನ ಮನೆಗಳು ಇನ್ನೂ ಕೆಲವು ಉಳಿದಿವೆ. ಅವುಗಳ ಗೋಡೆಗೆ ಬಳಿಯುತ್ತಿದ್ದುದು ಸುಣ್ಣ, ಅಂಚಿಗೆ ಕೆಮ್ಮಣ್ಣು. ಇವುಗಳಿಂದ ಸೀಸದ ಭಯವಿರಲಿಲ್ಲ. ಆ ವಿಷವು ಮನೆಯೊಳಗೆ ಬಂದದ್ದು ಡಬ್ಬಿಯ ಎಣ್ಣೆಬಣ್ಣದೊಡನೆ. ಬಂದು ನೆಲೆಸಿದ್ದು ಬಾಗಿಲು, ಕಿಟಕಿ, ಜಗಲಿಯ ಕಂಬ, ಕಬ್ಬಿಣದ ಸರಳುಗಳ ಮೇಲೆ. ಸರಳಿಗೆ ತುಕ್ಕು ಹಿಡಿಯದಿರಲೆಂದು ಮೊದಲು ಹಚ್ಚುತ್ತಿದ್ದ ಕೆಂಪು ಸೀಸವು ಸೀಸದ ಆಕ್ಸೈಡೇ. ಹೊಳೆಯುವ ಹಳದಿ ಸೀಸದ ಕ್ರೋಮೇಟು. ಅದಕ್ಕೆ ನೀಲಿ ಬೆರೆಸಿದರೆ ನಮ್ಮ ಕಿಟಕಿಗಳ ಪರಿಚಿತ ಹಸಿರು!

ನನ್ನ ಬಾಲ್ಯದಲ್ಲಿ ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ತಿಕ್ಕಿ ತೆಗೆಯುತ್ತಿದ್ದರು. ಆ ಪುಡಿಯಲ್ಲಿಯೇ ನಾವು ಮಕ್ಕಳು ಬೆರಳಿನಿಂದ ಚಿತ್ರ ಬರೆದು, ಅದೇ ಕೈಯಲ್ಲಿ ಮಂಡಕ್ಕಿ ತಿನ್ನುತ್ತಿದ್ದೆವು.

ಇದರ ಕೇಡನ್ನು ಜಗತ್ತು ಅರಿಯದಿರಲಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ವೈದ್ಯರು 1904ರಲ್ಲಿಯೇ, ಮಕ್ಕಳ ಸೀಸವಿಷಕ್ಕೆ ಮನೆಯ ಗೋಡೆ ಮತ್ತು ಜಗಲಿಯ ಕಟಕಟೆಯ ಬಣ್ಣವೇ ಮೂಲವೆಂದು ಬರೆದರು. ಅಮೆರಿಕವು 1978ರಲ್ಲಿ ಮನೆಬಳಕೆಯ ಸೀಸದ ಬಣ್ಣವನ್ನು ನಿಷೇಧಿಸಿತು. ನಮ್ಮಲ್ಲಿ ಎಚ್ಚರಿಕೆಯ ದನಿ ಎದ್ದುದು ಬೆಂಗಳೂರಿನಿಂದ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ವೆಂಕಟೇಶ್ ತುಪ್ಪಿಲ್ ಅವರೂ ಜಾರ್ಜ್ ಫೌಂಡೇಶನ್ ಸಂಸ್ಥೆಯೂ 1990ರ ದಶಕದ ಕೊನೆಯಲ್ಲಿ ನಗರದ ಮಕ್ಕಳ ರಕ್ತದಲ್ಲಿನ ಸೀಸವನ್ನು ಅಳೆಯಿಸಿದರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಬಣ್ಣದ ಸರದಿ ಬರಲು ಮತ್ತೆ ಹದಿನಾರು ವರ್ಷ ಬೇಕಾಯಿತು: ಹತ್ತು ಲಕ್ಷ ಭಾಗಕ್ಕೆ 90 ಭಾಗವೆಂಬ ಮಿತಿಯ ನಿಯಮ 2016ರ ನವೆಂಬರ್ 1ರಂದು ಪ್ರಕಟವಾಗಿ, ವರ್ಷದ ಬಳಿಕ ಜಾರಿಗೆ ಬಂದಿತು. ವಾಹನದ ಹೊಗೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಕಿಟಕಿಯ ಪುಡಿಯನ್ನು ಕಾಣುವವರು ಯಾರು?

ಆದುದರಿಂದ ಅದಕ್ಕೂ ಹಿಂದಿನ ಎಣ್ಣೆಬಣ್ಣವನ್ನೆಲ್ಲ ಸಂಶಯದಿಂದಲೇ ನೋಡಬೇಕು. ಮೊಸಳೆಯ ಚರ್ಮದಂತೆ ಬಿರಿದಿದೆಯೇ, ಬಿಸಿಲಿಗೆ ಪುಡಿಯಾಗಿ ಕೈಗಂಟುತ್ತದೆಯೇ, ಬಾಗಿಲು ಉಜ್ಜುವ ಚೌಕಟ್ಟಿನಲ್ಲಿ ಸವೆದಿದೆಯೇ? ಮೇಲೆ ಹೊಸ ಬಣ್ಣವಿದ್ದರೂ ಅಡಿಯ ಪದರಗಳು ಇದ್ದೇ ಇರುತ್ತವೆ. ಕಣ್ಣಿನಿಂದ ಸೀಸ ನಿಶ್ಚಯವಾಗದು. ಮರದವರೆಗಿನ ಎಲ್ಲ ಪದರಗಳೂ ಬರುವಂತೆ ಒಂದು ಚಕ್ಕೆಯನ್ನು ಪ್ರಯೋಗಾಲಯಕ್ಕೆ ಕೊಡಬೇಕು. ಮಗುವಿನ ವಿಷಯದಲ್ಲಿ ಸಂದೇಹವಿದ್ದರೆ ರಕ್ತಪರೀಕ್ಷೆಯೇ ದಾರಿ. ಏಕೆಂದರೆ ಮಂದವಾಗುವ ಬುದ್ಧಿಗೆ ಹೊರಗುರುತು ಇರುವುದಿಲ್ಲ. ತರಗತಿಯಲ್ಲಿ ನಾವು ಎಷ್ಟು ಮಕ್ಕಳನ್ನು ದಡ್ಡರೆಂದು ಗದರಿಸಿದೆವೋ!

ಕಳೆದ ತಿಂಗಳು ನಮ್ಮ ಮನೆಯ ಕಿಟಕಿಗೆ ಬಣ್ಣ ಹಚ್ಚಲು ಬಂದ ಹುಡುಗನ ಕೈಯಿಂದ ಉಪ್ಪುಕಾಗದವನ್ನು ಪಡೆದು, ನೀರಿನ ಬಕೆಟನ್ನೂ ಮುಖಕ್ಕೆ ಮಾಸ್ಕನ್ನೂ ಕೊಟ್ಟೆ. ಒದ್ದೆ ಮಾಡಿ ಕೆರೆದ ಚಕ್ಕೆಗಳು ಒಂದು ಚೀಲ ತುಂಬಿದವು. ಮೊಮ್ಮಗಳು ಎರಡು ದಿನ ಪಕ್ಕದ ಮನೆಯಲ್ಲಿದ್ದಳು.