ತೊಟ್ಟಿಕ್ಕುವ ಕಲ್ಲು, ತುಂಬಿಟ್ಟ ನೀರು: ಮತೇರಾದ ಗುಹಾವಾಸ ಮತ್ತು ಉಳವಿ-ಕವಳಾ ಗವಿಗಳು

ದಕ್ಷಿಣ ಇಟಲಿಯ ಬಾಸಿಲಿಕಾತಾ ಪ್ರಾಂತದ ಮತೇರಾ ಪಟ್ಟಣದಲ್ಲಿ ಜನ 20ನೇ ಶತಮಾನದ ನಡುವಿನವರೆಗೂ ಗುಹೆಗಳಲ್ಲೇ ಒಲೆ ಹಚ್ಚಿ, ಮಕ್ಕಳನ್ನು ಹೆತ್ತು, ಕತ್ತೆ ಕಟ್ಟಿ ಬಾಳಿದರು. ನಮ್ಮ ಜೋಯಿಡಾ ತಾಲ್ಲೂಕಿನ ಉಳವಿಯ ಗವಿಗಳಲ್ಲಿ 12ನೇ ಶತಮಾನದ ಶರಣರು ನೆಲೆಸಿದ್ದರೆಂದು ಪರಂಪರೆ ಹೇಳುತ್ತದೆ. ಪ್ರವಾಸಿ ಬರವಣಿಗೆ ಎರಡಕ್ಕೂ ‘ಗುಹಾವಾಸ’ ಎಂಬ ಒಂದೇ ಹಣೆಪಟ್ಟಿ ಹಚ್ಚಿ ಮುಂದೆ ಹೋಗುತ್ತದೆ. ಹಾಗೆ ಹೋಗಬಾರದು ಎಂಬುದು ಈ ಲೇಖನದ ವಾದ. ಒಂದು ಗುಹೆಯಲ್ಲಿ ಮನುಷ್ಯ ಬಾಳಿದನೋ, ಕೆಲಕಾಲ ಅಡಗಿದನೋ, ಬರೀ ಕೈಮುಗಿದು ಬಂದನೋ ಎಂಬುದನ್ನು ತೀರ್ಮಾನಿಸುವುದರಲ್ಲಿ ಕಲ್ಲಿನ ಪಾಲಿಗಿಂತ ನೀರಿನ ಪಾಲು ಹೆಚ್ಚು.

ನೀರಿನ ಕಣ್ಣಿನಿಂದ ನೋಡಲು ಉತ್ತರ ಕನ್ನಡದ ಘಟ್ಟದ ಮೇಲಿನ ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ ತಾಲ್ಲೂಕುಗಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮುಂಡಗೋಡ ತಾಲ್ಲೂಕಿನ ಪಾಳಾ ಹೋಬಳಿ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿದೆ. ಇಲ್ಲಿ ಮಳೆ ಬಂದಾಗ ಹಿಡಿದಿಟ್ಟುಕೊಳ್ಳಬೇಕು. ಅದಕ್ಕೇ ಈ ಸೀಮೆಯ ಬೇಸಾಯ ಕೆರೆಯನ್ನು ನಂಬಿ ಬೆಳೆದದ್ದು. ಪಾಳಾದ ರೈತನಿಗೆ ಕೋಡಿ, ತೂಬು, ಹೂಳು ಎಂಬವು ದಿನಬಳಕೆಯ ಮಾತು. ಹಳಿಯಾಳ, ದಾಂಡೇಲಿ ದಾಟಿ ಪಶ್ಚಿಮಕ್ಕೆ ಹೋದಂತೆ ಲೆಕ್ಕ ತಿರುಗುತ್ತದೆ. ಜೋಯಿಡಾದ ಕ್ಯಾಸಲ್‌ರಾಕ್ ಕಡೆ ವರ್ಷದ ಮಳೆ ನಾಲ್ಕು ಸಾವಿರ ಮಿಲಿಮೀಟರ್ ದಾಟುತ್ತದೆ. ಅಲ್ಲಿಯ ಕುಣಬಿಗಳಿಗೂ ಗೌಳಿಗಳಿಗೂ ನೀರನ್ನು ಹಿಡಿಯುವ ಚಿಂತೆಗಿಂತ ಅದರಿಂದ ತಪ್ಪಿಸಿಕೊಳ್ಳುವ ಚಿಂತೆ ದೊಡ್ಡದು. ಗವಿಗಳಿರುವುದು ಈ ಪಶ್ಚಿಮದ ಮಗ್ಗುಲಲ್ಲಿ. ಮತೇರಾದ ಮಳೆ ಆರುನೂರು ಮಿಲಿಮೀಟರಿನ ಒಳಗೆ. ಅಂದರೆ, ಬಂದ ಮಳೆಯನ್ನು ಬಿಡದೆ ಹಿಡಿಯುವ ಬುದ್ಧಿಯ ಮಟ್ಟಿಗೆ ಆ ಇಟಲಿಯ ಊರು ಉಳವಿಗಿಂತ ಪಾಳಾಕ್ಕೆ ಹತ್ತಿರದ್ದು.

ಮತೇರಾ ನಿಂತಿರುವುದು ಗ್ರಾವೀನಾ ಎಂಬ ಆಳದ ಕಂದರದ ದಂಡೆಯಲ್ಲಿ. ಕಲ್ಲು ಸುಣ್ಣದ ಅಂಶದ ಮರಳುಗಲ್ಲು. ಗರಗಸದಲ್ಲಿ ಕೊಯ್ಯುವಷ್ಟು ಮೆದು. ಇಳಿಜಾರಿನ ಎರಡು ಕೇರಿಗಳಿಗೆ ಸಾಸ್ಸೊ ಕವೆಯೋಸೊ, ಸಾಸ್ಸೊ ಬರಿಸಾನೊ ಎಂದು ಹೆಸರು. ಎರಡೂ ಸೇರಿ ‘ಸಾಸ್ಸಿ’. ಒಬ್ಬನ ಮನೆಯ ಮಾಳಿಗೆ ಮೇಲಿನವನಿಗೆ ಅಂಗಳ. ಒಳಗೆ ಕೊರೆದು ತೆಗೆದ ಕಲ್ಲಿನಿಂದಲೇ ಮುಂದಿನ ಗೋಡೆ ಎತ್ತುತ್ತಿದ್ದರು. ಇದಕ್ಕಿಂತ ಜಾಣತನದ್ದು ನೀರಿನ ಏರ್ಪಾಟು. ಮಾಳಿಗೆ, ಅಂಗಳ, ಮೆಟ್ಟಿಲ ಮೇಲೆ ಬಿದ್ದ ಮಳೆಯೆಲ್ಲ ಕಾಲುವೆ ಹಿಡಿದು ನೆಲದಡಿಯ ಗಂಟೆಯಾಕಾರದ ತೊಟ್ಟಿಗಳಿಗೆ ಇಳಿಯುತ್ತಿತ್ತು. ತೊಟ್ಟಿಯ ಒಳಮೈಗೆ ಒಡೆದ ಮಡಿಕೆಯ ಪುಡಿ ಬೆರೆಸಿದ ಸುಣ್ಣದ ಗಾರೆ ಬಳಿಯುತ್ತಿದ್ದರು. ನಮ್ಮ ಸುರಕಿ ಗಾರೆಯ ಜಾತಿಯದು. ಊರಿನ ದೊಡ್ಡ ಚೌಕದ ಕೆಳಗಿರುವ ಪಾಲೊಂಬಾರೊ ಲುಂಗೊ ಎಂಬ ತೊಟ್ಟಿಯ ಆಳ ಸುಮಾರು 16 ಮೀಟರ್. ಹಿಡಿಯುವ ನೀರು 50 ಲಕ್ಷ ಲೀಟರಿನ ಆಸುಪಾಸು. ಕೊಳಾಯಿ ನೀರು ಬಂದ ಮೇಲೆ ಊರೇ ಅದನ್ನು ಮರೆತಿತ್ತು. 1991ರಲ್ಲಿ ಮತ್ತೆ ಬೆಳಕಿಗೆ ಬಂತು. ಮತೇರಾ ಹುಟ್ಟಿದ್ದೇ ಹನಿ ನೀರನ್ನು ಕೂಡಿಡುವ ಬುದ್ಧಿಯಿಂದ, ಅದು ಬಡತನದ ಕೂಸಲ್ಲ ಎಂದು ವಾಸ್ತುಶಿಲ್ಪಿ ಪಿಯೆತ್ರೊ ಲೌರೆಯಾನೊ ವಾದಿಸಿದ್ದಾರೆ. ಜನ ಹೆಚ್ಚಾದಂತೆ ತೊಟ್ಟಿಗಳೂ ಕಣಜಗಳೂ ಮನೆಗಳಾದವು, ಏರ್ಪಾಟು ಮುರಿಯಿತು, ಬಡತನ ಆಮೇಲೆ ಬಂತು ಎಂಬ ಅವರ ತರ್ಕ ನನಗೆ ಒಪ್ಪಿಗೆ. ಕೆರೆಯ ಅಂಗಳವನ್ನೇ ಸೈಟು ಮಾಡಿದ ಊರುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಕೊ ಸೊಲಿತಾರಿಯೊ ಎಂಬ ಓಣಿಯಲ್ಲಿ ಅಂಥ ಒಂದು ಗುಹೆಮನೆಯನ್ನು ಹಳೆಯ ಸಾಮಾನಿನ ಸಮೇತ ಪ್ರವಾಸಿಗಳಿಗಾಗಿ ಇಟ್ಟಿದ್ದಾರೆ. ಬಾಗಿಲ ಬಳಿ ಅಡುಗೆಯ ಮೂಲೆ. ನಡುವೆ ಎತ್ತರದ ಮಂಚ. ನೆಲದ ತೇವ ತಾಗಬಾರದೆಂದು ಅಷ್ಟು ಎತ್ತರ, ಮಂಚದ ಕೆಳಗಿನ ಜಾಗ ಕೋಳಿಗಳಿಗೆ. ಒಳಗಿನ ಕತ್ತಲಲ್ಲಿ ಹೇಸರಗತ್ತೆ ಕಟ್ಟುವ ಗೂಟ, ಮೇವಿನ ತೊಟ್ಟಿ. 1935-36ರಲ್ಲಿ ಫ್ಯಾಸಿಸ್ಟ್ ಸರ್ಕಾರದಿಂದ ಈ ಸೀಮೆಗೆ ಗಡೀಪಾರಾಗಿದ್ದ ಕಾರ್ಲೊ ಲೇವಿ 1945ರಲ್ಲಿ ಪ್ರಕಟಿಸಿದ ‘ಕ್ರಿಸ್ತ ಎಬೊಲಿಯಲ್ಲೇ ನಿಂತ’ ಪುಸ್ತಕದಿಂದ ಮತೇರಾದ ಮಲೇರಿಯಾ, ಕಣ್ಣುರೋಗ, ಸಾಯುವ ಕೂಸುಗಳ ಸುದ್ದಿ ಲೋಕಕ್ಕೆ ಗೊತ್ತಾಯಿತು. 1948ರಲ್ಲಿ ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿ, 1950ರಲ್ಲಿ ಪ್ರಧಾನಿ ದೆ ಗಾಸ್ಪೆರಿ ಬಂದು ನೋಡಿದರು. ಮತೇರಾ ‘ರಾಷ್ಟ್ರದ ನಾಚಿಕೆ’ ಆಯಿತು. 1952ರ ಮೇ ತಿಂಗಳಲ್ಲಿ 619ನೇ ಕಾಯ್ದೆ ಬಂದು, ಸುಮಾರು 15 ಸಾವಿರ ಜನರನ್ನು ಹೊಸ ಬಡಾವಣೆಗಳಿಗೆ ಸಾಗಿಸುವ ಕೆಲಸ ಶುರುವಾಯಿತು. ಲುದೊವಿಕೊ ಕ್ವಾರೋನಿ ಮೊದಲಾದವರು ರೂಪಿಸಿದ ಲಾ ಮಾರ್ತೆಲ್ಲಾ ಅಂಥದೊಂದು ಊರು.

ಇಲ್ಲಿ ಒಂದು ಮಾತು. ದನ ಮತ್ತು ಜನ ಒಂದೇ ಸೂರಿನಡಿ ಇದ್ದದ್ದನ್ನೇ ನಾಚಿಕೆಯ ಮುಖ್ಯ ಸಾಕ್ಷಿಯಾಗಿ ತೋರಿಸುವ ರೂಢಿ ಆಗಿನಿಂದ ಈಗಿನವರೆಗೂ ಇದೆ. ಆದರೆ ಮುಂಡಗೋಡ, ಹಾನಗಲ್ಲ, ಧಾರವಾಡದ ಕಡೆಯ ಹಳೆಯ ಒಕ್ಕಲು ಮನೆಯ ಹೊಸ್ತಿಲು ದಾಟಿದರೆ ಮೊದಲು ಸಿಗುವುದೇ ದನ ಕಟ್ಟುವ ದಂದಕ್ಕಿ, ಅದರ ಗ್ವಾದಲಿ (ಮೇವಿನ ತೊಟ್ಟಿ). ಅಲ್ಲಿಂದ ಒಂದೆರಡು ಮೆಟ್ಟಿಲು ಹತ್ತಿದರೆ ಪಡಸಾಲಿ. ಎತ್ತು ಮೆಲುಕು ಹಾಕುವ ಸದ್ದು ಕೇಳಿಸುತ್ತಲೇ ಮನೆಯವರು ಮಲಗುತ್ತಿದ್ದರು. ಅದನ್ನು ಯಾರೂ ಅವಮಾನವೆನ್ನಲಿಲ್ಲ. ವ್ಯತ್ಯಾಸ ಇರುವುದು ನೆಲದ ಮಟ್ಟದಲ್ಲಿ, ಮಾಳಿಗೆಯ ಬೆಳಕಿಂಡಿಯಲ್ಲಿ, ಗಂಜಲ ಹೊರಗೆ ಹರಿದುಹೋಗುವ ಇಳಿಜಾರಿನಲ್ಲಿ. ಮತೇರಾದ ಗುಹೆಗೆ ಗಾಳಿ, ಬೆಳಕು, ಮನುಷ್ಯ, ಪಶು ಎಲ್ಲಕ್ಕೂ ಒಂದೇ ಬಾಗಿಲು; ಹೊಲಸು ಹೋಗುವುದಕ್ಕೂ ಅದೇ.

ಇನ್ನು ಉಳವಿ. ಕಲಚುರಿ ಬಿಜ್ಜಳನ ಕಾಲದ ಕೊನೆಗೆ, ಅಂದರೆ 1167-68ರ ಸುಮಾರಿಗೆ, ಕಲ್ಯಾಣದಲ್ಲಿ ಎದ್ದ ಕ್ಷೋಭೆಯಿಂದ ಚದುರಿದ ಶರಣರ ಒಂದು ತಂಡ ಚೆನ್ನಬಸವಣ್ಣನ ಮುಂದಾಳತನದಲ್ಲಿ ವಚನದ ಕಟ್ಟುಗಳ ಸಮೇತ ಈ ಕಾಡಿಗೆ ಬಂತು ಎಂಬುದು ಪರಂಪರೆಯ ಕಥನ. ಬಂದ ದಾರಿಯ ಗುರುತುಗಳು ಮಲಪ್ರಭೆಯ ಸೀಮೆಯುದ್ದಕ್ಕೂ ಇವೆ: ಎಂ.ಕೆ. ಹುಬ್ಬಳ್ಳಿಯ ಹೊಳೆಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳ, ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನದು. ಉಳವಿಯಲ್ಲಿರುವುದು ಚೆನ್ನಬಸವಣ್ಣನ ಸಮಾಧಿ. ಆ ಹೊತ್ತಿಗೆ ಹಲಸಿಯ ಸೀಮೆಯನ್ನು ಆಳುತ್ತಿದ್ದವನು ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿ. ಕಲಚುರಿಗಳ ನೇರ ಹಿಡಿತದಿಂದ ಹೊರಗಿನ ನಾಡನ್ನು ಶರಣರು ಆರಿಸಿದರೆಂಬ ಊಹೆ ರಾಜಕೀಯವಾಗಿ ಅಸಂಗತವಲ್ಲ. ಆದರೆ ಚೆನ್ನಬಸವಣ್ಣನ ಚರಿತೆಯನ್ನು ವಿಸ್ತಾರವಾಗಿ ಹೇಳುವ ವಿರೂಪಾಕ್ಷ ಪಂಡಿತನ ‘ಚೆನ್ನಬಸವ ಪುರಾಣ’ ರಚನೆಯಾದದ್ದು 1584ರ ಸುಮಾರಿಗೆ. ಘಟನೆಗೂ ಕಾವ್ಯಕ್ಕೂ ನಡುವೆ ನಾಲ್ಕು ಶತಮಾನಗಳ ಅಂತರ. ಕಾವ್ಯವನ್ನು ದಾಖಲೆಯಂತೆ ಓದಿ ‘ಶರಣರು ಇಂಥ ಗವಿಯಲ್ಲಿ ಇಷ್ಟು ವರ್ಷ ವಾಸವಾಗಿದ್ದರು’ ಎಂದು ಬರೆಯುವವರು ಈ ಅಂತರವನ್ನು ಗಮನಿಸುವುದೇ ಇಲ್ಲ. ಹಾಗೆಂದು ಪರಂಪರೆಯನ್ನು ತಳ್ಳಿಹಾಕಬೇಕೆಂದಲ್ಲ. ಅದನ್ನು ಸ್ಥಳದ ಎದುರು ನಿಲ್ಲಿಸಿ ನೋಡಬೇಕು.

ಸ್ಥಳ ಏನು ಹೇಳುತ್ತದೆ? ಉಳವಿಯ ಆಕಳ ಗವಿಯ ಚಾವಣಿಯಿಂದ ಆಕಳ ಕೆಚ್ಚಲಿನಂತೆ ಇಳಿಬಿದ್ದ ಕಲ್ಲುಗಳಿವೆ, ಅವುಗಳ ತುದಿಯಲ್ಲಿ ನೀರಿನ ಹನಿ. ದಾಂಡೇಲಿಯ ಕಾಡಿನ ಕವಳಾ ಗುಹೆಗೆ ನೂರಾರು ಮೆಟ್ಟಿಲು ಇಳಿದು, ಆಮೇಲೆ ಮೈ ಬಗ್ಗಿಸಿ ನುಸುಳಿ ಹೋಗಬೇಕು. ಒಳಗೆ ಲಿಂಗವೆಂದು ಪೂಜೆಗೊಳ್ಳುವುದು ನೆಲದಿಂದ ಮೇಲೆದ್ದ ಕಲ್ಲಿನ ಮೊಳಕೆ, ಮೇಲಿಂದ ತೊಟ್ಟಿಕ್ಕುವ ನೀರೇ ಅದಕ್ಕೆ ಅಭಿಷೇಕ. ಮಣ್ಣಿನೊಳಗಿಂದ ಇಳಿಯುವ ಮಳೆನೀರು ಇಂಗಾಲಾಮ್ಲವನ್ನು ಹೀರಿ ಹುಳಿಯಾಗುತ್ತದೆ, ಸುಣ್ಣಗಲ್ಲನ್ನು ಕರಗಿಸುತ್ತದೆ. ಗುಹೆಯ ಗಾಳಿಗೆ ಬಂದಾಗ ಆ ಅನಿಲ ಬಿಟ್ಟುಹೋಗಿ ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತದೆ. ವರ್ಷಕ್ಕೆ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು ಬೆಳವಣಿಗೆ. ಕೆಚ್ಚಲೂ ಲಿಂಗವೂ ಹುಟ್ಟಬೇಕಾದರೆ ಗುಹೆ ಸಾವಿರಾರು ವರ್ಷ ಒದ್ದೆಯಾಗಿಯೇ ಇರಬೇಕು. ಇದೇ ನಮ್ಮ ಪ್ರಶ್ನೆಗೆ ಮುಖ್ಯ ಸಾಕ್ಷಿ. ಮತೇರಾದ ಗುಹೆಗೆ ನೀರನ್ನು ಮನುಷ್ಯ ಕರೆದು ತಂದ, ಅದನ್ನು ತೊಟ್ಟಿಯಲ್ಲಿ ಕೂರಿಸಿದ. ಉಳವಿಯಲ್ಲಿ ನೀರು ಕರೆಯದೆಯೂ ಬರುತ್ತದೆ, ಎಲ್ಲಿ ಬೇಕಾದರೂ ಬೀಳುತ್ತದೆ. ಆಷಾಢ-ಶ್ರಾವಣದಲ್ಲಿ ಅಂಥ ಕಡೆ ಒಲೆ ಉರಿಯದು, ಕಾಳು ಉಳಿಯದು, ತಾಳೆಗರಿಯಂತೂ ಬೂಸಲು ಹಿಡಿಯುತ್ತದೆ. ವಚನದ ಕಟ್ಟುಗಳನ್ನು ಕಾಪಾಡಲು ಬಂದವರು ಅವನ್ನು ಮಳೆಗಾಲವಿಡೀ ಈ ಗವಿಗಳಲ್ಲಿಟ್ಟಿದ್ದರು ಎಂಬುದನ್ನು ನಾನು ನಂಬಲಾರೆ. ಬೇಸಿಗೆಯಲ್ಲಿ ಕೆಲದಿನ ಅಡಗಲು, ಧ್ಯಾನಕ್ಕೆ ಕೂರಲು ಗವಿ. ಉಳಿದಂತೆ ವಾಸ ಹುಲ್ಲು ಹೊದೆಸಿದ ಗುಡಿಸಲಲ್ಲೇ ನಡೆದಿರಬೇಕು.

ಕಲ್ಯಾಣವನ್ನು ಜತೆಗಿಟ್ಟು ನೋಡಿದರೆ ಇದು ಇನ್ನೂ ನಿಚ್ಚಳ. ಬಸವಕಲ್ಯಾಣದಲ್ಲೂ ಅಕ್ಕನಾಗಮ್ಮ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಮೊದಲಾದವರ ಹೆಸರಿನ ಗವಿಗಳಿವೆ. ಅಲ್ಲಿಯ ಕಲ್ಲು ಜಂಬಿಟ್ಟಿಗೆ: ನೆಲದಲ್ಲಿದ್ದಾಗ ಕಡಿಯಲು ಮೆದು, ಗಾಳಿ ತಾಗಿದಂತೆ ಗಟ್ಟಿ. ಅದೇ ಜಂಬಿಟ್ಟಿಗೆಯ ಹಾಸಿನಲ್ಲಿ ಬೀದರಿನವರು ಬಹಮನಿ ಕಾಲದಲ್ಲಿ ಕರೇಜ್ ಸುರಂಗಗಳನ್ನು ಕೊರೆದು ನೀರು ಹರಿಸಿದರು. ಮನುಷ್ಯನ ಉಳಿಗೆ ಮಣಿಯುವ ಕಲ್ಲು, ಮಿತವಾದ ಮಳೆ, ನೆಲದಡಿಯ ನೀರಾವರಿ. ಕರ್ನಾಟಕದಲ್ಲಿ ಮತೇರಾಕ್ಕೆ ಹತ್ತಿರದ ನೆಲ ಹುಡುಕಬೇಕಾದರೆ ಅದು ಬೀದರ ಜಿಲ್ಲೆ, ಜೋಯಿಡಾ ಅಲ್ಲ.

ಹಾಗಿದ್ದೂ ಉಳವಿಯ ಗವಿಗಳು ‘ಮನೆ’ ಆದದ್ದು ಹೇಗೆ? ಅಲ್ಲಿಯ ಸ್ಥಳನಾಮಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ: ಮಹಾಮನೆ ಗವಿ, ಆಕಳ ಗವಿ, ಅಕ್ಕನಾಗಮ್ಮನ ಗವಿ, ವಿಭೂತಿ ಕಣಜ, ಹರಳಯ್ಯನ ಚಿಲುಮೆ. ವಾಸದ ಮನೆ, ಹೈನು, ಮನೆಯ ಹಿರಿಯ ಹೆಣ್ಣುಮಗಳು, ಕಣಜ, ಕುಡಿಯುವ ನೀರು. ಒಂದು ತುಂಬಿದ ಒಕ್ಕಲುತನದ ಮನೆಗೆ ಬೇಕಾದದ್ದೆಲ್ಲ ಕಾಡಿನ ಬೇರೆ ಬೇರೆ ಮೂಲೆಯಲ್ಲಿ ಹರಡಿದೆ. ಮಹಾಮನೆ ಎಂದರೆ ಕಲ್ಯಾಣದಲ್ಲಿ ದಾಸೋಹ ನಡೆದ ಬಸವಣ್ಣನ ಮನೆ. ಕಳೆದುಕೊಂಡ ಕಲ್ಯಾಣವನ್ನು ಭಕ್ತರ ತಲೆಮಾರುಗಳು ಈ ಕಲ್ಲುಗಳ ಮೇಲೆ ಹೆಸರು ಹೆಸರಾಗಿ ಮರಳಿ ಕಟ್ಟಿದಂತೆ ಇದೆ. ಹೆಸರುಗಳು 12ನೇ ಶತಮಾನದ ವಾಸಕ್ಕೆ ಸಾಕ್ಷಿಯಾಗಲಾರವು. ಆಮೇಲಿನ ಶತಮಾನಗಳ ನೆನಪು ಯಾವ ಆಕಾರ ತಾಳಿತು ಎಂಬುದಕ್ಕೆ ಇವುಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಆಚರಣೆಯ ಕಾಲವೂ ನೀರಿನ ಲೆಕ್ಕಕ್ಕೆ ಹೊಂದುತ್ತದೆ. ಉಳವಿ ಜಾತ್ರೆ ಮಾಘದಲ್ಲಿ, ಕವಳಾದ ಜನಸಂದಣಿ ಶಿವರಾತ್ರಿಗೆ. ಸುಗ್ಗಿ ಮುಗಿದಿರುತ್ತದೆ, ಹಳ್ಳ ಇಳಿದಿರುತ್ತದೆ, ಗವಿಯ ಹನಿ ಸಣ್ಣದಾಗಿರುತ್ತದೆ. ಧಾರವಾಡ, ಬೆಳಗಾವಿ, ಹಾವೇರಿಯ ಕಡೆಯಿಂದ ಚಕ್ಕಡಿಗಳು ಮೇವು, ಕಟಕ ರೊಟ್ಟಿ, ಶೇಂಗಾ ಚಟ್ನಿ ತುಂಬಿಕೊಂಡು ಬರುತ್ತವೆ. ಎತ್ತುಗಳಿಗೆ ಜೂಲ, ಕೊರಳಿಗೆ ಗೆಜ್ಜೆ. ಹಳಿಯಾಳ, ದಾಂಡೇಲಿ, ಪೋಟೋಲಿ, ಗುಂದ ದಾಟಿ ಹೋಗುವ ದಾರಿಯಲ್ಲಿ ನೀರು ಸಿಕ್ಕಲ್ಲಿ ಕೊಳ್ಳ ಹರಿದು, ಚಕ್ಕಡಿಯ ಕೆಳಗೇ ಕಂಬಳಿ ಹಾಸಿ ಮಲಗುತ್ತಾರೆ. ಈ ಬಯಲುಸೀಮೆಯ ಒಕ್ಕಲು ಮಕ್ಕಳು ಕಾಡಿನಲ್ಲಿ ಬಿಡಾರ ಹೂಡುವ ಆ ಕೆಲ ದಿನಗಳೇ ಶರಣರು ಇಲ್ಲಿ ಹೇಗೆ ಇದ್ದಿರಬಹುದು ಎಂಬುದಕ್ಕೆ ಗವಿಗಿಂತ ನಂಬತಕ್ಕ ಮಾದರಿ ಎಂದು ನನ್ನ ಎಣಿಕೆ.

ಮತೇರಾದಲ್ಲಿ ನಡೆದಂತೆ ಜನರನ್ನು ಎಬ್ಬಿಸುವ, ಸಾಗಿಸುವ ಕಥೆ ಈ ಸೀಮೆಗೂ ಹೊಸದಲ್ಲ. ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಾಗ ತಾಲ್ಲೂಕಿನ ಕೇಂದ್ರವಾಗಿದ್ದ ಸೂಪಾ ಊರೇ ಮುಳುಗಿತು; ಜನರ ಒಂದು ಪಾಲು ರಾಮನಗರಕ್ಕೆ ಹೋಯಿತು, ಕಚೇರಿಗಳು ಜೋಯಿಡಾಕ್ಕೆ. 1956ರ ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಮೇಲೆ ಒಳಗಿನ ಹಳ್ಳಿಗಳ ಮುಂದೆ ಪರಿಹಾರ ಪಡೆದು ಹೊರಹೋಗುವ ಪ್ರಶ್ನೆ ನಿಂತಿದೆ. ಮತೇರಾದಲ್ಲಿ ಜನ ಹೋದರು, ಮನೆ ಉಳಿಯಿತು. ಖಾಲಿ ಬಿದ್ದ ಮನೆಗಳನ್ನು ದುರಸ್ತಿ ಮಾಡಲು 1986ರಲ್ಲಿ ಮತ್ತೊಂದು ಕಾಯ್ದೆ, 1993ರಲ್ಲಿ ಯುನೆಸ್ಕೊ ಪಟ್ಟಿ, 2019ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಯ ಪಟ್ಟ; ನಾಚಿಕೆಯೆನಿಸಿದ್ದ ಗುಹೆಗಳು ಈಗ ದುಬಾರಿ ಹೋಟೆಲುಗಳು. ಸೂಪಾದವರಿಗೆ ಮರಳಿ ನೋಡಲು ಮನೆಯೂ ಇಲ್ಲ, ನಾಚಿಕೆಯೋ ಹೆಮ್ಮೆಯೋ ಎಂದು ತೀರ್ಮಾನಿಸುವ ಅವಕಾಶವೂ ಇಲ್ಲ.

ಉಳವಿ, ಕವಳಾಗಳನ್ನು ಮತೇರಾದ ಮಾದರಿಯಲ್ಲಿ ‘ಅಭಿವೃದ್ಧಿ’ ಮಾಡುವ ಮಾತು ಆಡುವವರು ಒಂದು ಭೌತಿಕ ಸಂಗತಿಯನ್ನು ತಿಳಿದಿರಬೇಕು. ಸಾಸ್ಸಿಯ ಕಲ್ಲು ಸತ್ತ ಕಲ್ಲು. ಇಲ್ಲಿಯದು ಇನ್ನೂ ಬೆಳೆಯುತ್ತಿರುವುದು. ಎಣ್ಣೆ ಕೈಯಿಂದ ಮುಟ್ಟಿದ ಕಡೆ ಸುಣ್ಣ ಕೂರುವುದು ನಿಲ್ಲುತ್ತದೆ, ಸದಾ ಉರಿಯುವ ವಿದ್ಯುದ್ದೀಪದ ಸುತ್ತ ಹಸಿರು ಪಾಚಿ ಹಬ್ಬುತ್ತದೆ, ಕರ್ಪೂರದ ಮಸಿ ಹನಿಯೊಂದಿಗೆ ಕಲ್ಲಿನೊಳಗೇ ಸೇರುತ್ತದೆ. ಆಗಬೇಕಾದ ಮೊದಲ ಕೆಲಸ ಜಾತ್ರೆಯ ದಿನಗಳದ್ದಲ್ಲ. ಆಷಾಢದಿಂದ ಭಾದ್ರಪದದವರೆಗೆ, ಭಕ್ತರಾಗಲಿ ಪ್ರವಾಸಿಗಳಾಗಲಿ ಅತ್ತ ಸುಳಿಯದ ತಿಂಗಳುಗಳಲ್ಲಿ, ಗವಿಗವಿಗೂ ಹನಿಯ ವೇಗ, ನೆಲದಲ್ಲಿ ನಿಲ್ಲುವ ನೀರಿನ ಮಟ್ಟ, ಒಳಗಿನ ತೇವ ಅಳೆಯಬೇಕು. ಎಲ್ಲಿ ಒಣ ಮೂಲೆ ಇದೆ, ಎಲ್ಲಿ ಹೊಗೆ ಹೊರಹೋಗಲು ಕಿಂಡಿ ಇದೆ ಎಂದು ನಕ್ಷೆ ಮಾಡಬೇಕು. ಮಹಾಮನೆ ಗವಿಯಲ್ಲಿ ಮಳೆಗಾಲದ ನಡುವೆಯೂ ಒಣಗಿರುವ ಒಂದು ಒಲೆಯಷ್ಟು ಜಾಗ ಸಿಕ್ಕರೆ, ಮೇಲೆ ಹೇಳಿದ ನನ್ನ ವಾದದ ಅರ್ಧ ಭಾಗವನ್ನು ಬದಲಿಸಬೇಕಾಗುತ್ತದೆ.